ಕಿತ್ತಳೆ ದೀಪದ ಅರ್ಧ ನಿಮಿಷ

ಮೊದಲೇ ಹೇಳಿಬಿಡುತ್ತೇನೆ, ಇದರಲ್ಲಿ ಒಂದಕ್ಷರ ಸುಳ್ಳಿಲ್ಲ. ಕೊಡೆ ಬಿಚ್ಚಿ ಹುಲಿ ಓಡಿಸಿದ ಕತೆ ಬೇರೆ; ಅದರಲ್ಲಿ ಹುಲಿ ನಾನು ಹೇಳಿದ್ದಕ್ಕಿಂತ ಸ್ವಲ್ಪ ಚಿಕ್ಕದಿತ್ತು, ಒಪ್ಪಿಕೊಳ್ಳುತ್ತೇನೆ. ಇದು ಹಾಗಲ್ಲ. ಇದು ನಮ್ಮ ತಂತಿಗೆ ಆದದ್ದು. ತಂತಿ ಗೊತ್ತಲ್ಲ, ನನ್ನ ಚಿಕ್ಕಮ್ಮನ ಮಗ... ಮೊನ್ನೆ ಊಟಕ್ಕೆ ಬಂದಿದ್ದಾಗ ಯಾರದೋ ಚಮಚ ಲೋಟಕ್ಕೆ ತಾಗಿ ‘ಟಿಣ್’ ಅಂದಿದ್ದೇ ತಡ, ಕೈಯಲ್ಲಿದ್ದ ತುತ್ತು ಕೈಯಲ್ಲೇ ಹಿಡಿದು ಎದ್ದು ನಿಂತುಬಿಟ್ಟನಲ್ಲ? ನೀವೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕಿರಿ. ಅವನು ನಗಲಿಲ್ಲ. ಯಾಕೆ ಅಂತ ಇವತ್ತು ಹೇಳುತ್ತೇನೆ. ಆ ಬಾಗಿಲು ಸ್ವಲ್ಪ ಮುಂದೆ ಮಾಡಿ. ನನಗೆ ಭಯ ಅಂತಲ್ಲ, ದೆವ್ವಗಳೇ ನನ್ನನ್ನು ಕಂಡರೆ ಪಕ್ಕಕ್ಕೆ ಸರಿದು ದಾರಿ ಬಿಡುತ್ತವೆ. ಗಾಳಿ ಬರುತ್ತೆ, ಅಷ್ಟೇ.

ತಂತಿ ಒಂದು ದೊಡ್ಡ ಆಸ್ಪತ್ರೆಯಲ್ಲಿ ಕಂಪ್ಯೂಟರ್ ಜಾಲ ನೋಡಿಕೊಳ್ಳುವವನು. ಮೇಲಿನ ಮಾಳಿಗೆಯಿಂದ ಕೆಳಗಿನ ಮಾಳಿಗೆವರೆಗೆ ಗೋಡೆಯೊಳಗೆ ಹರಿದಾಡುವ ಕೇಬಲ್ಲುಗಳೆಲ್ಲ ಅವನ ಕೈಕೆಳಗಿನವು. ಆ ರಾತ್ರಿ ಕೆಲಸ ಮುಗಿಸಿ ಹಿಂದಿನ ಗೇಟಿನ ಕಡೆ ನಡೆದ. ಹಿಂದಿನ ಅಂಗಳದಲ್ಲೊಂದು ಹಳೇ ಬಾವಿ. ಅದರಿಂದ ನೀರು ಸೇದಿ ಯಾವ ಕಾಲವಾಯಿತೋ. ಬಾಯಿಗೆ ಕಬ್ಬಿಣದ ಜಾಲರಿ ಹಾಕಿದ್ದಾರೆ, ಜಾಲರಿಗೆ ತುಕ್ಕು ಹಿಡಿದಿದೆ. ಬೇರೆ ದಿನಗಳಲ್ಲಾದರೆ ತಂತಿ ಅಲ್ಲಿ ನಿಂತು, ಬಗ್ಗಿ, ‘ಓಯ್’ ಅನ್ನುತ್ತಿದ್ದ. ಬಾವಿ ‘ಓಯ್... ಓಯ್... ಯ್’ ಅಂತ ತಿರುಗಿ ಕರೆದು ಸುಮ್ಮನಾಗುತ್ತಿತ್ತು. ಇಬ್ಬರಿಗೂ ಅದೊಂದು ಅಭ್ಯಾಸ. ಅವತ್ತು ಮಾತ್ರ ತಲೆ ತಗ್ಗಿಸಿಕೊಂಡು ಹೆಜ್ಜೆ ಜೋರು ಮಾಡಿದ.

ಟಿಣ್...

ತಂತಿ ನಿಂತ.

ಬಾವಿಯೊಳಗಿಂದ. ಸೈಕಲ್ ಗಂಟೆಯಾದರೆ ‘ಟ್ರಿಣ್’ ಅನ್ನುತ್ತೆ, ಲಿಫ್ಟಿನದಾದರೆ ‘ಢಂಗ್’. ಇದು ತೆಳ್ಳಗೆ, ಕೊನೆಯಲ್ಲಿ ಸ್ವಲ್ಪ ನಡುಗಿ ಆರುವ ‘ಟಿಣ್’. ವಾರ್ಡಿನಲ್ಲಿ ರೋಗಿ ಹಾಸಿಗೆ ಪಕ್ಕದ ಗುಂಡಿ ಒತ್ತಿದರೆ ಸಿಸ್ಟರ್ ಮೇಜಿನ ಮೇಲೆ ಬರುವ ಸದ್ದು. ಅದು ಹೀಗೇ ಬರಬೇಕು ಅಂತ ಕಿವಿಗೊಟ್ಟು ಹೊಂದಿಸಿದವನೇ ತಂತಿ. ತನ್ನ ಮಗುವಿನ ಅಳು ತಾಯಿಗೆ ಗೊತ್ತಾಗಲ್ಲವೇ?

ಟಿಣ್...

ಗೇಟಿನ ಹತ್ತಿರ ಕಾವಲುಗಾರ ಸ್ಟೂಲಿನ ಮೇಲೆ ಕೂತಿದ್ದ. ತಂತಿ ಓಡಿದಂತೆ ನಡೆದು ಅವನ ಪಕ್ಕಕ್ಕೆ ಬಂದ.

“ಅಣ್ಣಾ... ಏನಾದ್ರೂ ಕೇಳಿಸ್ತಾ?”

“ಇಲ್ಲಪ್ಪ.”

“ಮತ್ಯಾಕೆ ಪಿಸುಗುಟ್ತಿದ್ದೀಯ?”

“ನೀನ್ಯಾಕೆ ಪಿಸುಪಿಸು ಅಂತ ಕೇಳ್ದೆ?”

ಟಿಣ್...

ಭಯವಾದರೆ ಜನ ಟಾರ್ಚು ಹಚ್ಚುತ್ತಾರೆ. ಈ ಪುಣ್ಯಾತ್ಮ ಹಚ್ಚಿದ್ದ ಟಾರ್ಚನ್ನು ಆರಿಸಿದ. “ನಾನು ನೋಡ್ದಿದ್ರೆ ನಂಗೂ ಅದಕ್ಕೂ ಸಂಬಂಧ ಇಲ್ಲ,” ಅಂದ. “ನೀನೂ ಮನೆಗೆ ಹೋಗು.”

ತಂತಿ ಮನೆಗೆ ಹೋದ. ಮಲಗಿದ. ನಿದ್ದೆ ಎಲ್ಲಿ ಬರಬೇಕು? ಯಾರು ಕರೆಯುತ್ತಿದ್ದಾರೆ ಅನ್ನುವುದು ಅವನಿಗೆ ಗೊತ್ತಿತ್ತು.

ಈಗ ಅವನ ಕಸುಬಿನ ಬಗ್ಗೆ ಸ್ವಲ್ಪ ಹೇಳಬೇಕು, ಇಲ್ಲದಿದ್ದರೆ ಕತೆ ನೆಲಕ್ಕೆ ಕಾಲೂರುವುದಿಲ್ಲ. ಆ ಕಸುಬು ಅವನಿಗಿಂತ ನನಗೇ ಚೆನ್ನಾಗಿ ಗೊತ್ತು. ಆಸ್ಪತ್ರೆಯವರು ನನ್ನನ್ನೇ ಕರೆಯಬೇಕಿತ್ತು, ನನಗೆ ಪುರುಸೊತ್ತಿರಲಿಲ್ಲ. ಕೇಳಿ. ಒಂದೊಂದು ಮಾಳಿಗೆಯಲ್ಲೂ ಒಂದೊಂದು ಸ್ವಿಚ್ ಇರುತ್ತೆ. ದೀಪ ಹಾಕೋ ಸ್ವಿಚ್ ಅಲ್ಲ ಕಣ್ರೋ, ಸಾಲಾಗಿ ಕೇಬಲ್ ಚುಚ್ಚುವ ಪೆಟ್ಟಿಗೆ. ಇಲ್ಲಿ ಹೇಳಿದ ಮಾತನ್ನು ಅಲ್ಲಿಗೆ ದಾಟಿಸುವುದೇ ಅದರ ಕೆಲಸ. ಒಂದು ಕೇಬಲ್ ಕೈಕೊಟ್ಟರೆ ಇರಲಿ ಅಂತ ಪೆಟ್ಟಿಗೆಗಳ ನಡುವೆ ಎರಡೆರಡು ದಾರಿ ಎಳೆದಿರುತ್ತಾರೆ. ಇಲ್ಲೇ ಇರೋದು ತಮಾಷೆ. ಎರಡು ದಾರಿ ಅಂದರೆ ಒಂದು ಸುತ್ತು ಆಯಿತು. ಬಾವಿಯಲ್ಲಿ ‘ಓಯ್’ ಅಂದರೆ ಎರಡು ಸಲ ಸುತ್ತಿ ಸತ್ತುಹೋಗುತ್ತೆ. ಈ ಸುತ್ತಿನಲ್ಲಿ ಬಿದ್ದ ಮಾತಿಗೆ ಸಾವೇ ಇಲ್ಲ. ತಿರುಗುತ್ತೆ, ಎರಡಾಗುತ್ತೆ, ನಾಲ್ಕಾಗುತ್ತೆ, ನಿಮ್ಮ ಅತ್ತೆ ಕಡೆಯವರ ಚಾಡಿಮಾತಿನ ಹಾಗೆ. ಗಳಿಗೆಯಲ್ಲಿ ಇಡೀ ಆಸ್ಪತ್ರೆಯ ಬಾಯಿ ಕಟ್ಟಿಹೋಗುತ್ತೆ.

ಅದಕ್ಕೇ ಪೆಟ್ಟಿಗೆಗಳು ಒಂದು ಕಟ್ಟಳೆ ಪಾಲಿಸುತ್ತವೆ. ಸ್ಪ್ಯಾನಿಂಗ್ ಟ್ರೀ ಅಂತ ಅದರ ಹೆಸರು. ತಮ್ಮತಮ್ಮಲ್ಲೇ ಒಬ್ಬ ಯಜಮಾನನನ್ನು ಆರಿಸಿಕೊಂಡು, ಅವನ ಹತ್ತಿರ ಹೋಗಲು ಒಂದೊಂದೇ ದಾರಿ ಇಟ್ಟುಕೊಂಡು, ಮಿಕ್ಕ ದಾರಿಗೆ ಬಾಗಿಲು ಹಾಕುತ್ತವೆ. ತೆರೆದ ದಾರಿ ಕಡಿದರೆ ಮುಚ್ಚಿದ್ದನ್ನು ತೆರೆಯುತ್ತವೆ. ಹಳೇ ಕಟ್ಟಳೆಯಲ್ಲಿ ಅದನ್ನು ತೆರೆಯುವುದಕ್ಕೆ ಅರ್ಧ ನಿಮಿಷ ಬೇಕು. ಅಷ್ಟು ಹೊತ್ತೂ ಕಿತ್ತಳೆ ದೀಪ. ಪೆಟ್ಟಿಗೆ ಆಗ ಸುಮ್ಮನೆ ಕೇಳಿಸಿಕೊಳ್ಳುತ್ತಿರುತ್ತೆ, ಯಾರ ಮಾತನ್ನೂ ದಾಟಿಸುವುದಿಲ್ಲ. ಹಸಿರಾದ ಮೇಲೆ ಮಾತು ಹರಿಯುತ್ತೆ. ಹೊಸ ಕಟ್ಟಳೆಗೆ ರ್‍ಯಾಪಿಡ್ ಅಂತಾರೆ. ಅದರಲ್ಲಿ ಪಕ್ಕದ ಪೆಟ್ಟಿಗೆಯನ್ನು ‘ತೆಗೀಲಾ?’ ‘ತೆಗಿ’ ಅಂತ ಕೇಳಿ ಕಣ್ಣು ಮಿಟುಕಿಸುವುದರಲ್ಲಿ ಬಾಗಿಲು ತೆಗೆದುಬಿಡುತ್ತವೆ. ಆದರೆ ಪಕ್ಕದಲ್ಲಿ ಹಳೇ ಪೆಟ್ಟಿಗೆ ಇದ್ದರೆ ಹೊಸದೂ ನಿಧಾನವಾಗಬೇಕು. ಅಜ್ಜನ ಕೈ ಹಿಡಿದು ಹೋಗುವವನು ಓಡುವುದಕ್ಕಾಗುತ್ತದೆಯೇ?

ತಂತಿ ಎಲ್ಲ ಕಡೆ ಹೊಸ ಪೆಟ್ಟಿಗೆ ಕೂರಿಸಿದ್ದ. ಉಳಿದಿದ್ದು ಮೂರನೇ ಮಾಳಿಗೆಯ ಬಟ್ಟೆ ಕೋಣೆಯಲ್ಲಿದ್ದ ಒಂದೇ ಒಂದು ಹಳೆಯದು. ಅದಕ್ಕೂ ಹೊಸದು ಬಂದಿತ್ತು. ಎಲ್ಲಿತ್ತು? ತಂತಿಯ ಮೇಜಿನ ಕೆಳಗೆ, ರಟ್ಟಿನ ಡಬ್ಬದಲ್ಲಿ. ಅದರ ಮೇಲೆ ಅವನು ಕಾಲು ಚಾಚಿಕೊಂಡು ಕೂರುತ್ತಿದ್ದ. ಬದಲಾಯಿಸಬೇಕೆಂದರೆ ಹೊದಿಕೆ, ಹಾಸಿಗೆ ಬಟ್ಟೆಗಳ ರಾಶಿಯನ್ನೆಲ್ಲ ಹೊರಗೆ ಹೊತ್ತು ಹಾಕಬೇಕು, ದೂಳಿನಲ್ಲಿ ಮಂಡಿಯೂರಬೇಕು, ಬಟ್ಟೆ ಒಗೆಯುವವರ ಹತ್ತಿರ ಬೈಸಿಕೊಳ್ಳಬೇಕು. ‘ಅರ್ಧ ನಿಮಿಷ ತಾನೇ... ಅರ್ಧ ನಿಮಿಷದಲ್ಲಿ ಯಾರ ಮನೆ ಮುಳುಗುತ್ತೆ?’

ಬಟ್ಟೆ ಕೋಣೆ ಪಕ್ಕದ ವಾರ್ಡಿನ ದೊಡ್ಡ ಸಿಸ್ಟರ್ ಕಂಡಾಗಲೆಲ್ಲ ಕೇಳುತ್ತಿದ್ದಳು. “ತಮ್ಮಾ, ಒಳಗಿನ ಆ ಹಳೇ ಪೆಟ್ಟಿಗೆ ಯಾವಾಗ ತೆಗೀತೀಯ? ಒಂದೊಂದ್ಸಲ ಎಲ್ಲ ನಿಂತು ಹೋಗುತ್ತೆ.”

“ನಾಳೆ ಅಕ್ಕ.”

“ನಿನ್ನ ನಾಳೆಗೆ ಮೊಮ್ಮಕ್ಕಳಾದ್ವು ಕಣೋ.”

ಅದೇ ವಾರ್ಡಿನ ಕಿಟಕಿ ಪಕ್ಕದ ಹಾಸಿಗೆಯಲ್ಲಿ ಟೈಲರ್ ತಾತ ಇದ್ದರು. ಸೊಂಟದ ಮೂಳೆ ಮುರಿದು ಆಪರೇಷನ್ ಆಗಿತ್ತು. ಒಬ್ಬರೇ ಮಂಚ ಇಳಿಯಕೂಡದು, ಗುಂಡಿ ಒತ್ತಿ ಕರೆಯಬೇಕು ಅಂತ ಕಟ್ಟಪ್ಪಣೆ. ಒಂದು ಸಂಜೆ ಗಾಲಿಕುರ್ಚಿಯಲ್ಲಿ ಅವರನ್ನು ತಳ್ಳಿಕೊಂಡು ಹೋಗುವಾಗ ಬಟ್ಟೆ ಕೋಣೆಯ ಬಾಗಿಲು ತೆರೆದಿತ್ತು. ತಂತಿ ಅಲ್ಲೇ ನಿಂತಿದ್ದ. ತಾತ ಕುರ್ಚಿ ನಿಲ್ಲಿಸಿ, ಪೆಟ್ಟಿಗೆಯಿಂದ ಇಳಿದ ಕೇಬಲ್ ಸಾಲನ್ನು ಕಣ್ಣು ಕಿರಿದು ಮಾಡಿ ನೋಡಿದರು.

“ನಿನ್ನ ಹೊಲಿಗೇನಾ ಇದು?”

“ಹೌದು ತಾತ. ಹೇಗಿದೆ?”

“ಸಾಲು ನೆಟ್ಟಗಿದೆ. ಎಲ್ಲ ಬೂದು ದಾರ, ನಡುವೆ ಅದೊಂದ್ಯಾಕೆ ನೀಲಿ? ಬೂದು ಬಟ್ಟೆಗೆ ನೀಲಿ ದಾರ ಹಾಕೋ ಟೈಲರ್ ಹತ್ರ ನಾನು ಚಡ್ಡಿ ಕೂಡ ಹೊಲಿಸಲ್ಲ ಮಗಾ.”

ಸಿಸ್ಟರ್ ನಕ್ಕಳು, ಕುರ್ಚಿ ತಳ್ಳುವವನು ನಕ್ಕ, ತಂತಿಯೂ ನಕ್ಕ. ಆದರೆ ಮಾತು ಮುಳ್ಳಿನಂತೆ ಒಳಗೆ ಕೂತಿತು. ಪೆಟ್ಟಿಗೆ ಬದಲಾಯಿಸುವುದಕ್ಕೆ ಪುರುಸೊತ್ತಿಲ್ಲದವನಿಗೆ ದಾರದ ಬಣ್ಣ ಬದಲಾಯಿಸುವುದಕ್ಕೆ ಪುರುಸೊತ್ತಾಯಿತು ನೋಡಿ! ಆ ರಾತ್ರಿಯೇ ಒಂದು ಬೂದು ಕೇಬಲ್ ಹೆಗಲಿಗೆ ಹಾಕಿಕೊಂಡು ಬಟ್ಟೆ ಕೋಣೆಗೆ ಹೋದ. ಸಿಸ್ಟರ್‌ಗೆ ಒಂದು ಮಾತು ಹೇಳಬೇಕಿತ್ತು. ‘ಅಕ್ಕಾ, ಎರಡು ಗಳಿಗೆ ಗಂಟೆ ಬರಲ್ಲ, ಒಂದು ಸುತ್ತು ಹೋಗಿ ಬಾ’ ಅಂತ. ಹೇಳಲಿಲ್ಲ. ಹೇಳಿದರೆ ‘ಪೆಟ್ಟಿಗೆ ಬದಲಾಯಿಸೋದಕ್ಕಾ?’ ಅಂತ ಕೇಳುತ್ತಿದ್ದಳು.

ಟಕ್. ನೀಲಿ ಕೇಬಲ್ ಹೊರಗೆ ಬಂತು. ಕಿತ್ತಳೆ ದೀಪ. ತಂತಿ ಸಿಳ್ಳೆ ಹಾಕುತ್ತಾ ಬೂದು ಕೇಬಲ್ಲನ್ನು ಉಳಿದವುಗಳ ಜೊತೆ ಜಡೆ ಬಾಚಿದ ಹಾಗೆ ಬಾಚಿದ.

ಗಂಟೆಯ ಸಂಗತಿ ಹೀಗೆ: ಹಾಸಿಗೆಗೂ ಸಿಸ್ಟರ್ ಮೇಜಿಗೂ ನಡುವೆ ಒಂದು ಪರದೆ ಅಷ್ಟೇ ಅಡ್ಡ. ಆದರೆ ಗುಂಡಿ ಒತ್ತಿದ ಸುದ್ದಿ ಬಟ್ಟೆ ಕೋಣೆಯ ಪೆಟ್ಟಿಗೆ ಹೊಕ್ಕು, ಕೆಳಮಾಳಿಗೆಯ ಗಂಟೆ ಯಂತ್ರಕ್ಕಿಳಿದು, ಅಲ್ಲಿಂದ ತಿರುಗಿ ಮೇಲೆ ಹತ್ತಬೇಕು. ಕೂಗಿದರೆ ಕೇಳುವ ದೂರಕ್ಕೆ ಊರೆಲ್ಲ ಸುತ್ತುವ ದಾರಿ. ಗುಂಡಿಯೋ, ಒಂದೇ ಸಲ ಹೇಳುವ ಜಾತಿಯದು. ದಾರಿ ಮುಚ್ಚಿದ್ದರೆ ಹೇಳಿದ ಮಾತು ಗಾಳಿಗೆ ಹೋಯಿತು.

ಆ ಅರ್ಧ ನಿಮಿಷದಲ್ಲಿ ತಾತ ಗುಂಡಿ ಒತ್ತಿದರು.

ಪಕ್ಕದ ಹಾಸಿಗೆಯವನು ಕಣ್ಣಾರೆ ಕಂಡದ್ದನ್ನು ಆಮೇಲೆ ಹೇಳಿದ. ಒತ್ತಿದರಂತೆ. ಕಾದರಂತೆ. “ಮಲಗಿರ್ಬೇಕು ಅಮ್ಮ, ಪಾಪ... ಎಬ್ಬಿಸೋದು ಬೇಡ,” ಅಂತ ಸಿಸ್ಟರ್ ಬಗ್ಗೆ ತಮಗೆ ತಾವೇ ಹೇಳಿಕೊಂಡು ಕಾಲು ಕೆಳಗಿಟ್ಟರಂತೆ.

ದಪ್.

ಬಟ್ಟೆ ಕೋಣೆಯಲ್ಲಿದ್ದ ತಂತಿಗೂ ಅದು ಕೇಳಿಸಿತು. ಯಾವುದೋ ಬಟ್ಟೆಗಂಟು ಬಿತ್ತು ಅಂದುಕೊಂಡ. ಬೂದು ಕೇಬಲ್ ಚುಚ್ಚಿದ, ದೀಪ ಹಸಿರಾಯಿತು, ಒಂದು ಹೆಜ್ಜೆ ಹಿಂದೆ ಸರಿದು ತನ್ನ ಕೆಲಸವನ್ನು ತಾನೇ ಮೆಚ್ಚಿಕೊಂಡ. ಬೆಳಕು ಹರಿಯುವ ಮೊದಲು ತಾತ ಹೋಗಿಬಿಟ್ಟರು.

ಮರುದಿನ ವಿಚಾರಣೆ. ಆಸ್ಪತ್ರೆ ನಡೆಸುವ ಸೂಪರಿಂಟೆಂಡೆಂಟ್ ಮೇಡಂ ವಾರ್ಡಿಗೇ ಬಂದರು. ದೊಡ್ಡ ಸಿಸ್ಟರ್ ಹೇಳಿದಳು: “ಮೇಡಂ, ಅವರು ಬಿದ್ದ ಸದ್ದು ಕೇಳೋವರೆಗೂ ನಾನು ಮೇಜು ಬಿಟ್ಟು ಎದ್ದಿಲ್ಲ, ಕಣ್ಣು ಮುಚ್ಚಿಲ್ಲ. ಗಂಟೆ ಬರಲೇ ಇಲ್ಲ.” ಮೇಡಂ ತಾವೇ ಹೋಗಿ ಕಿಟಕಿ ಹಾಸಿಗೆಯ ಗುಂಡಿ ಒತ್ತಿದರು. ಟಿಣ್. ಬಂತು! ಇನ್ನೊಮ್ಮೆ. ಟಿಣ್. ಮೇಡಂ ತಂತಿಯ ಕಡೆ ತಿರುಗಿದರು.

“ನೀನು ಹೇಳಪ್ಪ. ಗಂಟೆಯಲ್ಲಿ ಏನಾದ್ರೂ ತೊಂದರೆ ಇದೆಯಾ?”

ತಂತಿ ಬಾಯಿ ತೆರೆದ. ಸಿಸ್ಟರ್ ಅವನನ್ನೇ ನೋಡುತ್ತಿದ್ದಳು, ನಂಬಿಕೆಯಿಂದ ನೋಡುತ್ತಿದ್ದಳು. ಅದೇ ಹಾಳಾಗಿದ್ದು.

“ಎಲ್ಲ ಸರಿಯಾಗಿದೆ ಮೇಡಂ.”

ಸಿಸ್ಟರ್‌ಗೆ ಮನೆಗೆ ಹೋಗು ಅಂದರು. ಕೆಲಸ ಉಳಿಯುತ್ತೋ ಇಲ್ಲವೋ ಆಮೇಲೆ ತಿಳಿಸುತ್ತೇವೆ ಅಂದರು. ಅವಳ ಮನೆಯಲ್ಲಿ ದುಡಿಯುವ ಕೈ ಅದೊಂದೇ. ಕೆಲಸ ಹೋದರೂ ಹೇಗೋ ಆದೀತು, ‘ಕರೆದರೂ ಮಲಗಿದ್ದ ನರ್ಸು’ ಅನ್ನುವ ಹೆಸರು ಬಂದರೆ ಇನ್ನು ಯಾವ ಆಸ್ಪತ್ರೆ ಬಾಗಿಲು ತೆಗೆಯುತ್ತೆ? ಚೀಲ ಹೆಗಲಿಗೇರಿಸಿ ಹೋಗುವಾಗ ಮೆಟ್ಟಿಲ ಹತ್ತಿರ ತಂತಿ ಸಿಕ್ಕಿದ.

“ತಮ್ಮಾ... ನಾನು ಮಲಗಿರ್ಲಿಲ್ಲ ಕಣೋ.”

ಅಷ್ಟೇ ಹೇಳಿದಳು. ತಂತಿ ಕೇಳಿಸಿಕೊಂಡ. ಪಕ್ಕಕ್ಕೆ ಸರಿದು ದಾರಿ ಬಿಟ್ಟ.

ಬಾವಿಯಲ್ಲಿ ಗಂಟೆ ಕೇಳಿಸಿದ್ದು ಆ ರಾತ್ರಿ.

ಮಾರನೇ ರಾತ್ರಿ ತಂತಿ ಮನೆಗೆ ಹೊರಡುವಷ್ಟರಲ್ಲಿ ವಾರ್ಡಿನಿಂದ ಫೋನು. ದೊಡ್ಡ ಸಿಸ್ಟರ್ ಜಾಗಕ್ಕೆ ಹಾಕಿದ್ದ ಹೊಸ ಸಿಸ್ಟರ್.

“ಸರ್, ಕಿಟಕಿ ಹಾಸಿಗೆಯಿಂದ ಗಂಟೆ ಬರ್ತಿದೆ.”

“ಬಂದ್ರೆ ಹೋಗಿ ನೋಡಿ.”

“ನೋಡ್ದೆ ಸರ್... ಅಲ್ಲಿ ಯಾರೂ ಇಲ್ಲ.”

ತಂತಿ ಹೋದ. ಕಸುಬುದಾರ ಅಲ್ಲವೇ, ಮೊದಲು ಕಸುಬಿನ ಕಾರಣವನ್ನೇ ಹುಡುಕಿದ. ಯಾವನೋ ಒಂದೇ ಕೇಬಲ್ಲಿನ ಎರಡೂ ತುದಿಯನ್ನು ಗೋಡೆಗೆ ಚುಚ್ಚಿ ಸುತ್ತು ಮಾಡಿರಬೇಕು, ಹಳೇ ಕರೆ ಸಾಯದೆ ತಿರುಗುತ್ತಿರಬೇಕು ಅಂದುಕೊಂಡ. ಗೋಡೆಯ ಒಂದೊಂದು ತೂತನ್ನೂ ನೋಡಿದ. ಸುತ್ತಿದ್ದರೆ ಪೆಟ್ಟಿಗೆಯ ದೀಪಗಳೆಲ್ಲ ಹುಚ್ಚು ಹಿಡಿದಂತೆ ಒಟ್ಟಿಗೇ ಮಿಣುಕಬೇಕು. ಅವು ನೆಮ್ಮದಿಯಾಗಿದ್ದವು. ಕಿಟಕಿ ಹಾಸಿಗೆಯ ಗುಂಡಿಯ ವೈರನ್ನೇ ಗೋಡೆಯಿಂದ ಕಿತ್ತು, ಸುರುಳಿ ಸುತ್ತಿ ದಿಂಬಿನ ಮೇಲಿಟ್ಟ. “ಇನ್ನು ಬರಲ್ಲ ಬಿಡಿ,” ಅಂದ.

ಟಿಣ್...

ಹೊಸ ಸಿಸ್ಟರ್ ಕುರ್ಚಿಯ ಮೇಲೆ ಕಾಲು ಎತ್ತಿಕೊಂಡಳು.

ತಂತಿ ಬಟ್ಟೆ ಕೋಣೆಗೆ ಓಡಿದ. ಪೆಟ್ಟಿಗೆಯ ಫ್ಯಾನು ಎಂದಿನಂತೆ ‘ಗರ್‍ರ್... ಗರ್‍ರ್’ ಅನ್ನುತ್ತಿತ್ತು. ಅವನು ತಾನೇ ಹಾಕಿದ ಬೂದು ಕೇಬಲ್ಲಿನ ಮೇಲೆ ದೀಪ ಕಿತ್ತಳೆ. ಯಾರೂ ಕಿತ್ತಿರಲಿಲ್ಲ. ಕಿತ್ತಳೆ ಅಂದರೆ ದಾರಿ ಮುಚ್ಚಿದೆ. ಮುಚ್ಚಿದ ದಾರಿಯಲ್ಲಿ ಗಂಟೆ ಬರುವ ಹಾಗೇ ಇಲ್ಲ.

ಟಿಣ್...

ದೀಪ ಹಸಿರಾಯಿತು. ಗಂಟೆ ನಿಂತಿತು.

ತಂತಿ ಬೆವರು ಒರೆಸಿಕೊಂಡ. ಈ ಸಲ ಕೇಬಲ್ಲನ್ನು ತಾನೇ ಕಿತ್ತ. ಟಕ್. ಕಿತ್ತಳೆ. ವಾರ್ಡಿನಿಂದ... ಟಿಣ್. ಚುಚ್ಚಿ ಕಾದ. ಹಸಿರು, ಮೌನ. ಮತ್ತೆ ಕಿತ್ತ. ಟಿಣ್. ದಾರಿ ತೆರೆದಿದ್ದಾಗ ಗಂಟೆ ಇಲ್ಲ. ಯಾವ ಮಾತೂ ದಾಟಲಾಗದ ಆ ಅರ್ಧ ನಿಮಿಷದಲ್ಲಿ ಮಾತ್ರ, ಬಿಡದೆ, ಮರ್ಯಾದೆಯಿಂದ, ಟಿಣ್... ಟಿಣ್... ಕೋಪದ ಗಂಟೆಯಾಗಿದ್ದರೆ ತಡೆದುಕೊಳ್ಳುತ್ತಿದ್ದನೋ ಏನೋ. ಅದು ಸಂಕೋಚದ ಗಂಟೆ. ತೊಂದರೆ ಕೊಡುತ್ತಿದ್ದೇನೆ ಅಂತ ಗೊತ್ತಿದ್ದು ಒತ್ತುವವರ ಗಂಟೆ.

“ಬಂದೆ ತಾತ,” ಅಂದ ತಂತಿ.

ವಾರ್ಡಿಗೆ ನಡೆದ. ಕಿಟಕಿ ಹಾಸಿಗೆ ಖಾಲಿ, ಮೇಲು ಹಾಸು ಇಸ್ತ್ರಿ ಹಾಕಿದ ಹಾಗೆ ಸಪಾಟು. ದಿಂಬಿನ ಮೇಲೆ ಅವನೇ ಸುತ್ತಿಟ್ಟ ವೈರಿನ ತುದಿಯಲ್ಲಿ ಗುಂಡಿ. ಅದರ ರಬ್ಬರು ಒಳಕ್ಕೆ ತಗ್ಗಿತ್ತು... ಹೆಬ್ಬೆರಳು ಇಟ್ಟಷ್ಟು ತಗ್ಗು. ಅವನು ನೋಡುತ್ತಿದ್ದಂತೆ ‘ಕ್ಳಿಕ್’ ಅಂತ ಮೇಲೆದ್ದಿತು. ಆಮೇಲೆ ಮಂಚದ ಕಬ್ಬಿಣ ‘ಕಿರ್‍ರ್’ ಅಂದಿತು, ಯಾರೋ ಅಂಚಿಗೆ ಸರಿದ ಹಾಗೆ. ಕಿವಿಯ ಪಕ್ಕದಲ್ಲೇ, ಬಲು ಮೆಲ್ಲಗೆ...

“ಮಲಗಿರ್ಬೇಕು ಅಮ್ಮ... ಪಾಪ...”

ಓಡಬೇಕಿತ್ತು. ನಾನಾಗಿದ್ದರೆ ಓಡುತ್ತಿರಲಿಲ್ಲ, ಅದು ಬೇರೆ ವಿಷಯ. ತಂತಿಯೂ ಓಡಲಿಲ್ಲ. ಹೆದರಿಕೆಗಿಂತ ದೊಡ್ಡದೊಂದು ಎದೆ ಮೇಲೆ ಕೂತಿತ್ತು. ಸತ್ತವರು ಕೂಡ ಅವಳೇ ಮಲಗಿದ್ದಳು ಅಂದುಕೊಂಡಿದ್ದಾರಲ್ಲ! ಅಂದುಕೊಂಡು, ಅವಳನ್ನು ಮನ್ನಿಸಿಯೂ ಆಗಿದೆಯಲ್ಲ! ಮಾಡದ ತಪ್ಪಿಗೆ ಕ್ಷಮೆ... ಅದಕ್ಕಿಂತ ದೊಡ್ಡ ಅನ್ಯಾಯ ಯಾವುದಿದೆ?

ತಂತಿ ಆ ಹಾಸಿಗೆಯ ಮುಂದೆ ನೆಲದ ಮೇಲೆ ಕೂತ.

“ಇಲ್ಲ ತಾತ. ಅಕ್ಕ ಮಲಗಿರ್ಲಿಲ್ಲ. ಎಚ್ಚರವಾಗೇ ಇದ್ಲು. ನೀವು ಕರೆದಿದ್ದು ಅವಳಿಗೆ ಮುಟ್ಟಲಿಲ್ಲ. ದಾರಿ ಕಿತ್ತಿದ್ದು ನಾನು... ದಾರದ ಬಣ್ಣ ಬದಲಾಯಿಸ್ತಿದ್ದೆ.”

ಸದ್ದಿಲ್ಲ. ಕಿಟಕಿಯ ಪರದೆ ಕೂಡ ಅಲ್ಲಾಡಲಿಲ್ಲ. ಮಂಚ ಇನ್ನೊಮ್ಮೆ ‘ಕಿರ್‍ರ್’ ಅಂದಿತು, ಅಂಚಿಗೆ ಸರಿದವರು ಹಿಂದಕ್ಕೆ ಒರಗಿದ ಹಾಗೆ. ಅವನು ಕಿವಿ ಮುಚ್ಚಿಕೊಂಡು ಕಾಯುತ್ತಿದ್ದ ಆ ‘ದಪ್’ ಬರಲಿಲ್ಲ.

ಬೆಳಗಾಗುವವರೆಗೆ ತಂತಿ ಮೇಡಂ ಕೋಣೆಯ ಬಾಗಿಲಲ್ಲೇ ಕೂತಿದ್ದ. ಅವರು ಬೀಗ ತೆಗೆಯುವ ಮೊದಲೇ ಹೇಳಲು ಶುರುಮಾಡಿದ. ಡಬ್ಬದ ಮೇಲೆ ಕಾಲು ಚಾಚಿದ್ದರಿಂದ ಹಿಡಿದು ಎಲ್ಲ. ಮೇಡಂ ಬೀಗದ ಕೈ ಹಿಡಿದುಕೊಂಡೇ ಕೇಳಿದರು.

“ಹೊಸ ಪೆಟ್ಟಿಗೆ ನಿನ್ನ ಹತ್ರಾನೇ ಇತ್ತಾ?”

“ಇತ್ತು ಮೇಡಂ.”

“ಹಾಕೋದಕ್ಕೆ ಎಷ್ಟು ಹೊತ್ತು ಬೇಕು?”

“ಒಂದು ಮಧ್ಯಾಹ್ನ.”

ಮೇಡಂ ಬೈಯಲಿಲ್ಲ. ಬೈದಿದ್ದರೆ ಅವನಿಗೆ ಅಷ್ಟು ಹಗುರವಾಗುತ್ತಿತ್ತು. ತಾತನ ಮನೆಯವರನ್ನು ಕರೆಸಿ, ಅವರೆದುರು ಮತ್ತೊಮ್ಮೆ ಹೇಳಿಸಿದರು. ದೊಡ್ಡ ಸಿಸ್ಟರ್ ಅವತ್ತೇ ಸಂಜೆ ಕೆಲಸಕ್ಕೆ ಬಂದಳು. ಬಂದವಳು ಬಟ್ಟೆ ಕೋಣೆಯಲ್ಲಿ ಹೊದಿಕೆಗಳ ರಾಶಿ ಹೊರಗೆ ಹೊರುತ್ತಿದ್ದ ತಂತಿಯನ್ನು ನೋಡಿ ಬಾಗಿಲಲ್ಲಿ ನಿಂತಳು.

“ಬಂತೇನೋ ನಿನ್ನ ನಾಳೆ?”

“ಅಕ್ಕಾ...”

“ಅಕ್ಕ ಅನ್ಬೇಡ ಇವತ್ತು. ಕೆಲಸ ಮಾಡು.”

ಅಂದಳು ನಿಜ, ಆದರೆ ಹೋಗಲಿಲ್ಲ. ಅಲ್ಲೇ ನಿಂತು ನೋಡಿದಳು. ಅದಕ್ಕೇ ಮುಂದಿನದಕ್ಕೆ ಅವಳೂ ಸಾಕ್ಷಿ. ತಂತಿ ಹೊಸ ಪೆಟ್ಟಿಗೆ ಕೂರಿಸಿದ. ಕೇಬಲ್ ಕಿತ್ತು ನೋಡಿದ, ಕಣ್ಣು ಮಿಟುಕಿಸುವುದರಲ್ಲಿ ಇನ್ನೊಂದು ದಾರಿ ತೆರೆಯಿತು. ಕಿತ್ತಳೆಗೆ ಪುರುಸೊತ್ತೇ ಇಲ್ಲ. ಗಂಟೆ, ಒತ್ತಿದಾಗ ಬಂತು, ಒತ್ತದಿದ್ದಾಗ ಬರಲಿಲ್ಲ. ಆಮೇಲೆ ಹಳೇ ಪೆಟ್ಟಿಗೆಯ ಕೇಬಲ್ಲು ಒಂದೊಂದಾಗಿ ತೆಗೆದು, ಕರೆಂಟಿನ ಪ್ಲಗ್ಗನ್ನೂ ಎಳೆದ. ಫ್ಯಾನು ‘ಗರ್‍ರ್...’ ಅಂತ ಇಳಿದು ನಿಂತಿತು. ದೀಪಗಳೆಲ್ಲ ಆರಿದವು. ಒಂದನ್ನು ಬಿಟ್ಟು.

ನೀಲಿ ಕೇಬಲ್ ಇದ್ದ ತೂತಿನ ಮೇಲಿನ ದೀಪ. ಕಿತ್ತಳೆ.

ಪ್ಲಗ್ಗು ತಂತಿಯ ಕೈಯಲ್ಲಿತ್ತು. ಸಿಸ್ಟರ್ ಪ್ಲಗ್ಗನ್ನೂ ನೋಡಿದಳು, ದೀಪವನ್ನೂ ನೋಡಿದಳು. ಅರ್ಧ ನಿಮಿಷ ಉರಿದು, ದೀಪ ಹಸಿರಾಗಿ, ಆರಿತು.

ಇದು ನಡೆದದ್ದು ನಿಜ. ನಂಬದವರು ಆ ಸಿಸ್ಟರನ್ನೇ ಕೇಳಿ. ಈಗ ಮತ್ತೆ ಅವನನ್ನು ತಮ್ಮ ಅನ್ನುತ್ತಾಳೆ, ಆದರೆ ಅವನು ‘ನಾಳೆ’ ಅನ್ನುವ ಮಾತಾಡಿದರೆ ಎದ್ದು ಹೋಗುತ್ತಾಳೆ. ತಂತಿಯೂ ಅಷ್ಟೇ, ಯಾರು ಕರೆದರೂ ಎರಡನೇ ಸಲ ಕರೆಸಿಕೊಳ್ಳುವುದಿಲ್ಲ. ಇನ್ನು ಮೇಲೆ ಅವನಿಗೆ ಊಟಕ್ಕೆ ಬಡಿಸಿದಾಗ ಚಮಚ ನಿಧಾನವಾಗಿ ಇಡಿ, ತಿಳೀತಾ?

ಹಾಂ... ಹುಲಿ ವಿಷಯ ಒಪ್ಪಿಕೊಂಡ ಮೇಲೆ ಇದನ್ನೂ ಒಪ್ಪಿಕೊಂಡುಬಿಡುತ್ತೇನೆ. ಒಂದೇ ಒಂದು ಸಣ್ಣ ವಿಷಯ ನಾನು ಕೈಯಿಂದ ಸೇರಿಸಿದ್ದು, ನಿಮಗೆ ನಿದ್ದೆ ಬರಲಿ ಅಂತ. ಆ ಹಳೇ ಪೆಟ್ಟಿಗೆ ಈಗ ತಂತಿಯ ಮೇಜಿನ ಕೆಳಗೆ ಅದೇ ರಟ್ಟಿನ ಡಬ್ಬದಲ್ಲಿದೆ. ಕೇಬಲ್ಲಿಲ್ಲ, ಕರೆಂಟಿಲ್ಲ. ಅವನು ಕಾಲು ಮಡಚಿಕೊಂಡು ಕೂರುತ್ತಾನೆ. ನಾನೇ ಮುಚ್ಚಳ ಎತ್ತಿ ನೋಡಿದ್ದೇನೆ.

ದೀಪ ಹಸಿರಾಗಿ ಆರಿತು ಅಂದೆನಲ್ಲ... ಆರಿಲ್ಲ. ಹಸಿರೂ ಆಗಿಲ್ಲ.